ನಾಲ್ಕನೆಯ ನಿಂಬೆಹಣ್ಣು

ತ್ಬಿಲಿಸಿ

ತ್ಬಿಲಿಸಿಯ ನಿಂಬೆಹಣ್ಣಿಗೆ ಒಂದು ತುದಿಯಲ್ಲಿ ಬುಗುರಿಯ ಮೊಳೆಯಂಥ ಚೂಪು ಇರುತ್ತದೆ. ಸಿಪ್ಪೆ ದಪ್ಪ, ಆಕಾರ ಉದ್ದ. ನಮ್ಮ ದೇವರಾಜ ಮಾರುಕಟ್ಟೆಯ ಹಣ್ಣಿನಂತೆ ಗುಂಡಗಿಲ್ಲ. ಇಳಿಜಾರಿನಲ್ಲಿ ಅದು ನೇರವಾಗಿ ಉರುಳುವುದಿಲ್ಲ, ಪಕ್ಕಕ್ಕೆ ಬಳಸಿಕೊಂಡು ಹೋಗುತ್ತದೆ.

ಇದು ನನಗೆ ತಿಳಿದದ್ದು ಬಾಡಿಗೆ ಕಾರಿನ ಸ್ಟಿಯರಿಂಗ್ ಹಿಡಿದು ಕುಳಿತಿದ್ದಾಗ. ಅಪ್ಪ, ಅಮ್ಮ ಮತ್ತು ಚಿಕ್ಕಪ್ಪ ಮೂವರೂ ಫುಟ್‌ಪಾತಿನ ಮೇಲೆ ಕೈಮುಗಿದು ನಿಂತಿದ್ದರು. ಬಿಳಿ ಕಾರಿನ ಬಾನೆಟ್ಟಿನ ಮೇಲೆ ಅಪ್ಪ ಮೂರು ಬೆರಳಿನಿಂದ ವಿಭೂತಿ ಎಳೆದಿದ್ದರು. ನಡುವೆ ಅಮ್ಮನ ಕುಂಕುಮ. ನಾಲ್ಕು ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣನ್ನು ಇಟ್ಟವರು ಚಿಕ್ಕಪ್ಪ. ಮೈಸೂರಿನಲ್ಲಿ ಆಯುಧಪೂಜೆಯ ದಿನ ನಮ್ಮ ಬೀದಿಯ ಎಲ್ಲ ಗಾಡಿಗಳಿಗೂ ಹಣ್ಣಿಡುವವರು ಅವರೇ. ಅವರಿಟ್ಟ ಹಣ್ಣು ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಕಾರು ಬಾಡಿಗೆಗೆ ಕೊಟ್ಟ ಲೆವಾನ್ ಎಂಬ ಹುಡುಗ ವಿಭೂತಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಇದು ಮೊದಲೇ ಇದ್ದ ಗೀರೇ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ. ನಾನು ಉತ್ತರಿಸುವ ಮೊದಲೇ ಅಪ್ಪ ಅವನಿಗೆ ಅಚ್ಚ ಕನ್ನಡದಲ್ಲಿ ವಿವರಿಸಿದರು. "ಗಾಡಿಗೆ ಒಳ್ಳೇದಾಗ್ಲಿ ಅಂತ ಕಣಪ್ಪ. ನಿಂಗೂ ಒಳ್ಳೇದೇ." ಅವನು ತಲೆಯಾಡಿಸಿ ಫೋನಿನಲ್ಲಿ ಫೋಟೋ ತೆಗೆದುಕೊಂಡ.

ಊರಿನಲ್ಲಿ ಗಾಡಿ ಅಂಗಳದಿಂದ ನೇರವಾಗಿ ಮುಂದಕ್ಕೆ ಬರುತ್ತದೆ. ಇಲ್ಲಿ ಕಾರು ರಸ್ತೆಯ ಬಲ ಅಂಚಿಗೆ, ಎರಡು ಕಾರುಗಳ ನಡುವೆ ನಿಂತಿತ್ತು. ಹೊರಗೆ ಬರಬೇಕಾದರೆ ಚಕ್ರವನ್ನು ಎಡಕ್ಕೆ ತಿರುಗಿಸಲೇಬೇಕು. ತಿರುಗಿಸಿದೆ. ಮೂರು ಹಣ್ಣುಗಳು ಒಡೆದ ಸದ್ದು ಕೇಳಿತು. ಮುಂದಿನ ಬಲಚಕ್ರದ ಹಣ್ಣನ್ನು ಮಾತ್ರ ಟೈರಿನ ಅಂಚು ಪಕ್ಕಕ್ಕೆ ತಳ್ಳಿತು. ಅದು ಇಳಿಜಾರಿನಲ್ಲಿ ಬಳಸಿಕೊಂಡು ಉರುಳಿ, ಒಬ್ಬ ಮುದುಕಿಯ ಚಪ್ಪಲಿಗೆ ತಾಗಿ ನಿಂತಿತು. ಆಕೆ ಬಗ್ಗಿ ಎತ್ತಿಕೊಂಡಳು, ತೋಳಿಗೆ ಒರೆಸಿದಳು, ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

"ಅಯ್ಯೋ, ಅದನ್ನ ಟೀಗೆ ಹಿಂಡ್ಕೋತಾಳೆ ಕಣ್ರೀ," ಎಂದರು ಅಮ್ಮ. ದೃಷ್ಟಿಗೆ ಇಟ್ಟ ಹಣ್ಣು ಯಾರ ಹೊಟ್ಟೆಗೂ ಹೋಗಬಾರದು. ಓಡಿಹೋಗಿ ಹೇಳಬೇಕೆಂದರೆ ಯಾವ ಭಾಷೆಯಲ್ಲಿ ಹೇಳುವುದು? ಅಮ್ಮ ಎರಡು ಹೆಜ್ಜೆ ಹಾಕಿ ನಿಂತರು.

ಚಿಕ್ಕಪ್ಪ ನನ್ನ ಕಿಟಕಿಗೆ ಬಗ್ಗಿ ಮೆಲ್ಲಗೆ ಹೇಳಿದರು. "ಒಂದು ತಪ್ಪೋಯ್ತಲ್ಲಮ್ಮ."

"ಚಕ್ರ ತಿರುಗಿಸ್ದೆ ಹೊರಗೆ ಬರೋಕಾಗಲ್ಲ ಚಿಕ್ಕಪ್ಪ."

"ಅದು ಸರಿ. ಆದ್ರೂ ತಪ್ತಲ್ಲ."

ಇನ್ನೊಂದು ಹಣ್ಣು ತಂದಿಡೋಣವೆಂದೆ. ಹೊರಟ ಗಾಡಿಯನ್ನು ನಿಲ್ಲಿಸಿ ಎರಡನೆಯ ಸಲ ಹಣ್ಣಿಡುವ ಪದ್ಧತಿಯಿಲ್ಲ ಎಂದರು.

ಮೈಸೂರು

ಈ ಪ್ರವಾಸದ ಯೋಜನೆ ಒಂದು ವರ್ಷದ್ದು. ಕಾಕಸಸ್ ಪರ್ವತಗಳ ತಪ್ಪಲಿನ ಜಾರ್ಜಿಯಾ ಎಂಬ ಈ ಸಣ್ಣ ದೇಶವನ್ನು ನಾನು ಆರಿಸಿದ್ದಕ್ಕೆ ಒಂದೇ ಕಾರಣ, ಅಲ್ಲಿ ರಾಜಧಾನಿ ತ್ಬಿಲಿಸಿಯಿಂದ ಉತ್ತರಕ್ಕೆ ಹೋಗುವ ಒಂದು ರಸ್ತೆ. ನದಿಯ ಪಕ್ಕದಲ್ಲಿ ಹೊರಟು, ತಿರುವುಗಳಲ್ಲಿ ಏರಿ, ಬೇಸಿಗೆಯಲ್ಲೂ ಹಿಮ ಉಳಿದಿರುವ ಒಂದು ಘಾಟಿಯನ್ನು ದಾಟಿ ಆಚೆಗಿನ ಕಣಿವೆಗೆ ಇಳಿಯುತ್ತದೆ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬೇಸಿಗೆ ರಜೆಯೊಂದೇ ನನ್ನ ಕೈಯಲ್ಲಿರುವ ಕಾಲ.

ಊಟದ ಮೇಜಿನ ಮೇಲೆ ನಕಾಶೆ ಹರಡಿದ ದಿನ ಚಿಕ್ಕಪ್ಪ ಮೇಟಗಳ್ಳಿಯ ಕಾರ್ಖಾನೆಯಿಂದ ಪಾಳಿ ಮುಗಿಸಿಕೊಂಡು ನೇರವಾಗಿ ನಮ್ಮ ಮನೆಗೆ ಬಂದಿದ್ದರು. ನಕಾಶೆಯ ಮೇಲೆ ಕಾಫಿ ಲೋಟ ಇಟ್ಟು ಕೇಳಿದರು. "ಬೆಟ್ಟ ತಾನೆ? ಊಟಿ ಯಾಕಾಗಲ್ಲ? ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರ್ತೀವಿ."

"ಊಟಿ ನೋಡಿದೀವಲ್ಲ ಚಿಕ್ಕಪ್ಪ."

"ಎಲ್ ನೋಡಿದೀವಿ? ಹೋದಾಗೆಲ್ಲ ಮಂಜು."

ಅಪ್ಪ ನಕ್ಕರು. ಲಷ್ಕರ್ ಮೊಹಲ್ಲಾದಲ್ಲಿ ಅವರದು ಪಾತ್ರೆ ಅಂಗಡಿ. ಮನೆಯಲ್ಲಿ ಯಾರು ಏನು ಹೇಳಿದರೂ ಗಿರಾಕಿಯ ಮಾತು ಕೇಳಿದಂತೆ ಪೂರ್ತಿ ಕೇಳಿ, ಕೊನೆಗೆ ಯಾರ ದನಿ ಜೋರಾಗಿರುತ್ತದೋ ಅವರ ಕಡೆ ವಾಲುತ್ತಾರೆ. ಅಂದು ಜೋರಾಗಿ ಮಾತಾಡಿದವರು ಅಮ್ಮ.

ಅದಕ್ಕೆ ಹಿನ್ನೆಲೆಯಿದೆ. ನಮ್ಮ ಮನೆಯಲ್ಲಿ ಕಾರಿನ ಮುಂದಿನ ಎರಡು ಸೀಟುಗಳು ಗಂಡಸರವು. ಅಪ್ಪ ಓಡಿಸುತ್ತಾರೆ, ಪಕ್ಕದಲ್ಲಿ ಚಿಕ್ಕಪ್ಪ, ದೂರದ ದಾರಿಯಲ್ಲಿ ಅದಲುಬದಲು. ಚಿಕ್ಕಪ್ಪ ಇಲ್ಲದಿದ್ದರೆ ಯಾರೋ ಒಬ್ಬ ಮಾವ, ಅವನೂ ಇಲ್ಲದಿದ್ದರೆ ತೆಂಗಿನಕಾಯಿ ಚೀಲ. ಅಮ್ಮ ಮದುವೆಯಾಗಿ ಬಂದಾಗಿನಿಂದ ನಂಜನಗೂಡಿಗೆ, ಸುತ್ತೂರಿಗೆ, ಮದುವೆಗಳಿಗೆ ಹೋದದ್ದೆಲ್ಲ ಹಿಂದಿನ ಸೀಟಿನಲ್ಲಿ. ನಾನು ಕಾರು ಕಲಿತ ಮೇಲೂ ಅದು ಬದಲಾಗಲಿಲ್ಲ. ಚಾಮುಂಡಿ ಬೆಟ್ಟಕ್ಕೆ ಹೋದರೆ ಹತ್ತುವಾಗ ನಾನು ಓಡಿಸಬಹುದು, ಇಳಿಯುವಾಗ ಅಪ್ಪ. ಇಳಿಯುವುದು ಕಷ್ಟ ಎಂಬುದು ಕಾರಣ. ಊರಂಚಿನ ಬಂಡೀಪಾಳ್ಯ ದಾಟಿದ ಮೇಲೆ ನನ್ನ ಕೈಗೆ ಗಾಡಿ ಸಿಕ್ಕಿದ್ದೇ ಇಲ್ಲ.

"ಈ ಸಲ ಇವ್ಳು ಓಡಿಸ್ಲಿ," ಎಂದರು ಅಮ್ಮ ಅಂದು. ನಕಾಶೆಯಲ್ಲಿ ನಾನು ಪೆನ್ಸಿಲಿನಿಂದ ಗುರುತಿಸಿದ್ದ ಘಾಟಿಯ ಮೇಲೆ ಬೆರಳಿಟ್ಟರು. "ಈ ಜಾಗ ದಾಟೋವಾಗ ನಾನು ಮುಂದೆ ಕೂತ್ಕೋತೀನಿ. ಇವ್ಳ ಪಕ್ಕ. ಮಾತು ಅಂದ್ರೆ ಮಾತು."

ಆ ಮಾತನ್ನು ಹಿಡಿದುಕೊಂಡು ನಾನು ಒಂದು ವರ್ಷ ಕೆಲಸ ಮಾಡಿದೆ. ಹೊರದೇಶದಲ್ಲಿ ಓಡಿಸುವ ಪರ್ಮಿಟ್ ಮಾಡಿಸಿದೆ. ಆ ರಸ್ತೆಯ ವಿಡಿಯೊಗಳನ್ನು ತಿರುವು ತಿರುವಾಗಿ ನೋಡಿದೆ. ಸ್ಟಿಯರಿಂಗ್ ಎಡಕ್ಕಿರುವ ಕಾರಿನಲ್ಲಿ ಬಲಗೈಯಲ್ಲಿ ಗೇರು ಹಾಕುವುದನ್ನು ಕುರ್ಚಿಯ ಮೇಲೆ ಕುಳಿತು ಅಭ್ಯಾಸ ಮಾಡಿದೆ. ಅದನ್ನು ನೋಡಿ ಅಮ್ಮ, "ನಂದೂ ಅಭ್ಯಾಸ ಆಗ್ಬೇಕಲ್ಲ," ಎಂದು ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಬಂದು ಕುಳಿತುಕೊಳ್ಳುತ್ತಿದ್ದರು.

ಚಿಕ್ಕಮ್ಮನಿಗೆ ವಿಮಾನವೆಂದರೆ ಆಗದು. ಆದ್ದರಿಂದ ಚಿಕ್ಕಪ್ಪ ಒಬ್ಬರೇ ಹೊರಟರು. ಅಪ್ಪ ಅಂಗಡಿಯಿಂದ ಹೊಸ ಕುಕ್ಕರ್ ಒಂದನ್ನು ತಂದರು. ಅದರೊಳಗೆ ಅಕ್ಕಿ, ಅಕ್ಕಿಯೊಳಗೆ ಉಪ್ಪಿನಕಾಯಿ ಬಾಟಲಿ. ಹೀಗೆ ನಾವು ಬಂದಿಳಿದೆವು.

ವಿಮಾನ ನಿಲ್ದಾಣದಿಂದ ನಮ್ಮನ್ನು ಕರೆತಂದ ಟ್ಯಾಕ್ಸಿಯವನನ್ನೂ ಇಲ್ಲಿ ನೆನೆಯಬೇಕು. ಆ ದೇಶದಲ್ಲಿ ಗುಡ್ಡಕ್ಕೊಂದು ಚರ್ಚು. ಪ್ರತಿ ಚರ್ಚು ಕಂಡಾಗಲೂ ಅವನು ಸ್ಟಿಯರಿಂಗ್ ಬಿಟ್ಟು ಮೂರು ಸಲ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ. ಇನ್ನೊಂದು ಕೈಯಲ್ಲಿ ಫೋನು. ತಿರುವಿನಲ್ಲೂ ಅಷ್ಟೇ. ಚಿಕ್ಕಪ್ಪನಿಗೆ ಅವನು ಬಹಳ ಹಿಡಿಸಿದ. "ನಮ್ ಬಸ್ ಡ್ರೈವರ್‌ಗಳು ಗುಡಿ ಕಂಡ್ರೆ ಕೈಮುಗಿಯಲ್ವಾ, ಅಂಗೇ. ದೈವಭಕ್ತ." ಮೂವರೂ ಅವನ ಗಾಡಿಯಲ್ಲಿ ನಿದ್ದೆ ಮಾಡಿದರು.

ಮಾರನೆಯ ದಿನ ನನ್ನ ಗಾಡಿಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ.

ಪಸನೌರಿ

ಹೊರಟಾಗಿನಿಂದ ಚಿಕ್ಕಪ್ಪ ನನ್ನ ಪಕ್ಕದಲ್ಲಿ ಕುಳಿತಿದ್ದರು. ದಾರಿ ಹೇಳಲು ಫೋನಿತ್ತು. ಫೋನು ಹೇಳಿದ್ದನ್ನು ಅವರು ಇನ್ನೊಂದು ಸಲ ಹೇಳುತ್ತಿದ್ದರು. ಎದುರಿಗೆ ಲಾರಿ ಬಂದರೆ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಅಪ್ಪ ಹಿಂದೆ ಮೇಲಿನ ಹಿಡಿ ಹಿಡಿದುಕೊಂಡು ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದರು. ಕನ್ನಡಿಯಲ್ಲಿ ಅಮ್ಮ ನನ್ನನ್ನು ನೋಡಿ ಒಮ್ಮೆ ನಕ್ಕರು. ಅದೊಂದೇ ಸಾಕಾಗಿತ್ತು.

ಪಸನೌರಿಯಲ್ಲಿ ಎರಡು ನದಿಗಳು ಸೇರುತ್ತವೆ. ಒಂದು ಕಪ್ಪು, ಒಂದು ಬಿಳಿ. ಸೇರಿದ ಮೇಲೂ ಸ್ವಲ್ಪ ದೂರ ಬೆರೆಯದೆ ಜೊತೆಗೆ ಹರಿಯುತ್ತವೆ. ಅಪ್ಪ ಇಳಿದುಹೋಗಿ ಬೊಗಸೆಯಲ್ಲಿ ನೀರು ತೆಗೆದು ತಲೆಗೆ ಚಿಮುಕಿಸಿಕೊಂಡರು. "ನಂಜನಗೂಡಲ್ಲಿ ಕಪಿಲೆ ಕೌಂಡಿನ್ಯ ಸೇರ್ತವಲ್ಲ, ಅದೇ ಥರ," ಎಂದರು. ಯಾವ ಥರದಲ್ಲೂ ಅದು ಹಾಗಿರಲಿಲ್ಲ. ಆದರೆ ಅವರು ಸಂತೋಷವಾಗಿದ್ದರು.

ಅಲ್ಲಿನ ಊಟದ ತಿನಿಸು ಖಿಂಕಾಲಿ. ನಮ್ಮ ಮೋದಕದ ಹಾಗೆ ಮಡಿಕೆ ಹಾಕಿ ಬೇಯಿಸಿದ್ದು, ಒಳಗೆ ಸಾಮಾನ್ಯವಾಗಿ ಮಾಂಸ. ನಮಗಾಗಿ ಆಲೂಗಡ್ಡೆಯದನ್ನು ಮಾಡಿಸಿದೆ. ಮೇಲಿನ ಜುಟ್ಟನ್ನು ಹಿಡಿದು ತಿಂದು ಜುಟ್ಟನ್ನು ತಟ್ಟೆಯಲ್ಲಿ ಬಿಡುವುದು ಅಲ್ಲಿನ ಪದ್ಧತಿ. ಯಾರು ಎಷ್ಟು ತಿಂದರೆಂಬ ಜಂಬಕ್ಕೆ ಆ ಜುಟ್ಟುಗಳೇ ಸಾಕ್ಷಿ. ಎಲೆಯಲ್ಲಿ ಏನನ್ನೂ ಬಿಡದೆ ಬೆಳೆದ ಅಪ್ಪ ಜುಟ್ಟುಗಳನ್ನೂ ತಿಂದು ತಟ್ಟೆಯನ್ನು ಒರೆಸಿಟ್ಟರು. ಬಡಿಸುವ ಹೆಂಗಸು ಖಾಲಿ ತಟ್ಟೆ ನೋಡಿ, ಈ ಯಜಮಾನರು ಏನೂ ತಿನ್ನಲಿಲ್ಲವೆಂದುಕೊಂಡು ಇನ್ನೊಂದು ತಟ್ಟೆ ತಂದಿಟ್ಟಳು. ಅಪ್ಪ ಅದನ್ನೂ ಬಿಡಲಿಲ್ಲ. ಮೂರನೆಯದು ಬಂದಾಗ ಅಮ್ಮ ನಗುತ್ತಾ ಜುಟ್ಟುಗಳನ್ನು ಕಿತ್ತು ಪಕ್ಕಕ್ಕಿಟ್ಟರು. ಆ ಪ್ರವಾಸದಲ್ಲಿ ನಾವು ನಾಲ್ವರೂ ಒಟ್ಟಿಗೆ ನಕ್ಕದ್ದು ಅಲ್ಲಿ, ಅದೇ ಕೊನೆ.

ಹೊರಗೆ ಬಂದು ನೋಡಿದರೆ ಒಂದು ಟೈರು ನೆಲಕ್ಕೆ ಕೂತಿತ್ತು. ಮುಂದಿನ ಬಲಚಕ್ರ.

ಆ ರಸ್ತೆಯ ಬಲ ಅಂಚಿನಲ್ಲಿ ಬೆಟ್ಟದಿಂದ ಉದುರಿದ ಚೂಪು ಕಲ್ಲುಗಳಿರುತ್ತವೆ, ಬಲಗಡೆಯ ಟೈರಿಗೆ ಅವು ಚುಚ್ಚುವ ಸಾಧ್ಯತೆ ಹೆಚ್ಚು ಎಂದು ನಾನು ಹೇಳಿದೆ. ತರಗತಿಯಲ್ಲಿ ಹೇಳಿದಂತೆಯೇ ಹೇಳಿದೆ ಎಂದು ಕಾಣುತ್ತದೆ. ಚಿಕ್ಕಪ್ಪ ಆಗಲೇ ತೋಳು ಮಡಿಸಿ ಜಾಕ್ ಹಾಕುತ್ತಿದ್ದರು. ಕೆಲಸವನ್ನು ಚೆನ್ನಾಗಿಯೇ ಮಾಡಿದರು. ನಟ್ಟು ಬಿಗಿ ಮಾಡಿ, ಕೈ ಒರೆಸಿಕೊಳ್ಳುತ್ತಾ ಅಮ್ಮನಿಗೆ ಹೇಳಿದರು. "ನೋಡಿ ಅತ್ತಿಗೆ, ಅದೇ ಚಕ್ರ."

"ನಂಗೂ ಕಾಣ್ತು," ಎಂದರು ಅಮ್ಮ.

ಕಾರಿಗೆ ಹತ್ತಿದ ಮೇಲೆ ಕನ್ನಡಿಯಲ್ಲಿ ನೋಡಿದೆ. ಅಮ್ಮ ಕಿಟಕಿಯಾಚೆ ನೋಡುತ್ತಿದ್ದರು.

ಗುಡೌರಿ

ಗುಡೌರಿ ಘಾಟಿಯ ಈಚೆಗಿರುವ ಊರು. ಅದಕ್ಕೆ ಮುಂಚೆ ರಸ್ತೆ ತಿರುವಿನ ಮೇಲೆ ತಿರುವಾಗಿ ಏರುತ್ತದೆ. ಚಳಿಗಾಲವನ್ನು ಬಯಲಿನಲ್ಲಿ ಕಳೆದ ಕುರಿಗಳನ್ನು ಬೇಸಿಗೆಯ ಹುಲ್ಲಿಗಾಗಿ ಬೆಟ್ಟಕ್ಕೆ ಅಟ್ಟುವ ಕಾಲ ಅದು. ಒಂದು ತಿರುವಿನಲ್ಲಿ ರಸ್ತೆಯ ತುಂಬ ಕುರಿಗಳು. ಕುದುರೆಯ ಮೇಲೊಬ್ಬ ಕುರುಬ, ಕರಡಿಯಷ್ಟು ದೊಡ್ಡ ನಾಯಿಗಳು. ನಾನು ಹಾರನ್ ಮಾಡಲಿಲ್ಲ. ಅಲ್ಲಿ ಯಾರೂ ಮಾಡುವುದಿಲ್ಲ. ಕುರಿಗಳು ಕಾರನ್ನು ಸವರಿಕೊಂಡು, ನದಿ ಬಂಡೆಯನ್ನು ಬಳಸುವ ಹಾಗೆ, ಎರಡು ಕಡೆಯಿಂದ ಹಾದುಹೋದವು.

ಮುಂದೆ ಜಾಗ ಸಿಕ್ಕಾಗ ಏರಿನಲ್ಲಿ ಕ್ಲಚ್ಚು ಬೇಗ ಬಿಟ್ಟೆ. ಗಾಡಿ ನಿಂತುಹೋಯಿತು. ಹ್ಯಾಂಡ್‌ಬ್ರೇಕ್ ಹಾಕಿ ಮತ್ತೆ ಚಾಲೂ ಮಾಡಿ ಹೊರಟೆ. ಒಂದಿಂಚೂ ಹಿಂದಕ್ಕೆ ಜಾರಲಿಲ್ಲ. ಏರಿನಲ್ಲಿ ಎಂಥವರ ಗಾಡಿಯೂ ಒಮ್ಮೆ ನಿಲ್ಲುತ್ತದೆ, ನಮ್ಮ ಅಪ್ಪನದು ಲಲಿತಮಹಲ್ ರಸ್ತೆಯಲ್ಲೇ ನಿಂತಿದೆ. ಆದರೆ ಚಿಕ್ಕಪ್ಪ ಸೀಟ್‌ಬೆಲ್ಟ್ ಬಿಚ್ಚಿಬಿಟ್ಟಿದ್ದರು. ಬೆಲ್ಟ್ ಬಿಚ್ಚಿದರೆ ಆ ಕಾರು ಟಿಣ್ ಟಿಣ್ ಎಂದು ಕೂಗುತ್ತದೆ. ಆ ಕೂಗಿನ ನಡುವೆ, "ಕೊಡಮ್ಮ ಇಲ್ಲಿ, ನಾನ್ ನೋಡ್ಕೋತೀನಿ," ಎಂದರು.

"ಬೆಲ್ಟ್ ಹಾಕ್ಕೊಳಿ ಚಿಕ್ಕಪ್ಪ."

"ಹಟ ಮಾಡ್ಬೇಡ ಸುಮಾ. ನಾಲ್ಕು ಜೀವ ಇದೆ ಗಾಡೀಲಿ."

ಹಿಂದಿನಿಂದ ಯಾರೂ ಏನೂ ಹೇಳಲಿಲ್ಲ. ಗುಡೌರಿಯವರೆಗೂ ನಾನೇ ಓಡಿಸಿದೆ.

ನಾವು ತಂಗಿದ್ದ ಮನೆಯ ಒಡತಿ ನಾನಾ ಎಂಬ ಹೆಂಗಸು. ಕುಕ್ಕರಿನ ಮೊದಲ ಸಿಳ್ಳೆಗೆ ಅಡುಗೆಮನೆಯಿಂದ ಹೊರಗೋಡಿದಳು, ಮೂರನೆಯ ಸಿಳ್ಳೆಗೆ ಒಳಬಂದು ಅಮ್ಮನ ಪಕ್ಕ ನಿಂತು ಸಾರಿನ ರುಚಿ ನೋಡಿದಳು. ಪ್ರವಾಸ ಹೋದವರು ಹೊರನಾಡಿನ ಹೆಂಗಸರನ್ನು ನಮ್ಮವರಿಗೆ ಮಾದರಿಯಾಗಿ ತೋರಿಸಿ ಬರೆಯುವುದುಂಟು. ನನಗೂ ಆ ಆಸೆ ಸ್ವಲ್ಪ ಇತ್ತು. ನಾನಾ ಅಂಗಳದಲ್ಲಿದ್ದ ಕಾರನ್ನು ನೋಡಿ, ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ, ಓಡಿಸಿದವರು ಯಾರೆಂದು ಕೇಳಿದಳು. ನಾನೇ ಎಂದೆ. ಅಪ್ಪನನ್ನೂ ಚಿಕ್ಕಪ್ಪನನ್ನೂ ಬೆರಳಿನಲ್ಲಿ ಎಣಿಸಿ ತೋರಿಸಿ ಕೇಳಿದಳು. "ಇಬ್ಬರು ಗಂಡಸರಿದ್ದಾರೆ. ನೀನೇಕೆ?"

ಚಿಕ್ಕಪ್ಪನಿಗೆ ಆ ಇಂಗ್ಲಿಷ್ ಚೆನ್ನಾಗಿ ಅರ್ಥವಾಯಿತು. "ನೋಡಮ್ಮ, ಇವ್ರೂ ಕೇಳ್ತಾರೆ," ಎಂದರು.

ಊಟಕ್ಕೆ ಕೂತಾಗ ನಾನಾ ಮನೆಯಲ್ಲಿ ಮಾಡಿದ ವೈನ್ ತಂದಳು. ನಮ್ಮಲ್ಲಿ ಯಾರೂ ಮುಟ್ಟುವವರಲ್ಲ. ಅಪ್ಪ ಮಜ್ಜಿಗೆಯ ಲೋಟವನ್ನು ಎತ್ತಿ ಹಿಡಿದರು. ಅಲ್ಲಿ ಕುಡಿಯುವ ಮೊದಲು ಏನಾದರೊಂದು ಹಾರೈಕೆ ಹೇಳಲೇಬೇಕು. ಹೆಂಗಸರನ್ನು ಬೆಟ್ಟ ದಾಟಿಸಿ ಕ್ಷೇಮವಾಗಿ ಕರೆದೊಯ್ಯುವ ಗಂಡಸರಿಗಾಗಿ ಎಂದಳು ನಾನಾ. ನಾನೇ ಅದನ್ನು ಕನ್ನಡಕ್ಕೆ ಹೇಳಬೇಕಾಯಿತು. ಹೇಳಿದೆ. ಅಪ್ಪ ಮಜ್ಜಿಗೆ ಕುಡಿದರು.

ಊಟವಾದ ಮೇಲೆ ಬೆಳಕಿನ್ನೂ ಇತ್ತು. ಅಂಗಳದ ಬೆಂಚಿನ ಮೇಲೆ ಕೂತು ನಾಳೆಯ ರಸ್ತೆ ನೋಡುತ್ತಿದ್ದೆ. ಅಲ್ಲಿಂದಲೇ ಘಾಟಿಯ ಮೊದಲ ತಿರುವು ಕಾಣುತ್ತಿತ್ತು, ಅದರ ಪಕ್ಕ ಕೊಳಕಾದ ಹಿಮದ ಒಂದು ಗೋಡೆ. ಅಮ್ಮ ಶಾಲು ಹೊದ್ದು ಬಂದು ಪಕ್ಕದಲ್ಲಿ ಕುಳಿತರು.

"ನಾಳೆ ಚಿಕ್ಕಪ್ಪ ಓಡಿಸ್ಲಿ ಬುಡು."

"ಅವ್ರಿಗೆ ಪರ್ಮಿಟ್ ಇಲ್ಲ ಅಮ್ಮ. ಗಾಡಿ ನನ್ ಹೆಸರಲ್ಲಿದೆ."

"ಈ ಬೆಟ್ಟದಲ್ಲಿ ಯಾರ್ ನೋಡ್ತಾರೆ?"

"ನಾನು ಚೆನ್ನಾಗಿ ಓಡಿಸ್ತಿಲ್ವಾ?"

"ಓಡಿಸ್ತೀಯ. ನಾನೇನು ಇಲ್ಲ ಅಂದ್ನಾ?" ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಆ ಹಣ್ಣು ಉಳ್ಕೊಂಡಿದೆ ಅಂತ ನನ್ ಮನಸ್ಸಿಗೆ ಸಮಾಧಾನ ಇಲ್ಲ."

"ನಿಂಗೆ ನಿಜವಾಗ್ಲೂ ಹಣ್ಣಿನ ಚಿಂತೆನಾ?"

ಅಮ್ಮ ತರಕಾರಿ ಆರಿಸುವಾಗ ಮಾತಾಡುವ ದನಿಯಲ್ಲೇ ಹೇಳಿದರು. "ನಿನ್ ಕೈಲಿ ಏನಾದ್ರೂ ಆದ್ರೆ, ಯಾಕ್ ಕೊಟ್ರಿ ಗಾಡಿನ ಅಂತ ನನ್ನ ಕೇಳ್ತಾರೆ ಕಣೇ. ಸಾಯೋವರ್ಗೂ ಕೇಳ್ತಾರೆ. ಚಿಕ್ಕಪ್ಪನ ಕೈಲಿ ಆದ್ರೆ ಯಾರೂ ಏನೂ ಕೇಳಲ್ಲ. ಹಣೆಬರಹ ಅಂತಾರೆ."

ಅದು ಸುಳ್ಳಾಗಿದ್ದರೆ ಏನಾದರೂ ಹೇಳಬಹುದಿತ್ತು.

"ಮುಂದೆ ಕೂತ್ಕೋತೀನಿ ಅಂದಿದ್ದೆ ನೀನು," ಎಂದೆ.

"ಎಲ್ಲಿ ಕೂತ್ರೂ ಅದೇ ಬೆಟ್ಟ ತಾನೆ ಕಾಣೋದು." ಅಮ್ಮ ಕೈ ಚಾಚಿದರು. ಅಂಗೈ ಮೇಲಾಗಿತ್ತು. ಊರಿನಲ್ಲಿ ಬೀರುವಿನ ಬೀಗದ ಕೈ ಕೇಳುವಾಗಲೂ ಹೀಗೆಯೇ ಚಾಚುತ್ತಾರೆ. ನಾನು ಕಾರಿನ ಕೀಲಿಯನ್ನು ಅದರಲ್ಲಿಟ್ಟೆ.

ಘಾಟಿ

ಬೆಳಿಗ್ಗೆ ಅಪ್ಪ, ಅಮ್ಮ ಇಷ್ಟಲಿಂಗ ಪೂಜೆ ಮುಗಿಸಿ ತಿಂಡಿ ತಿಂದ ಮೇಲೆ ಹೊರಟೆವು. ಚಿಕ್ಕಪ್ಪ ಕೈಮುಗಿದು ಬಲಗಡೆಯ ಬಾಗಿಲು ತೆಗೆದು ಕುಳಿತರು. ಕೈ ಮುಂದಕ್ಕೆ ಚಾಚಿದರೆ ಸ್ಟಿಯರಿಂಗ್ ಇರಲಿಲ್ಲ. ಇಳಿದು, ಸುತ್ತಿ ಬಂದು, ಎಡಗಡೆ ಕುಳಿತರು. ಯಾರೂ ನಗಲಿಲ್ಲ. ನನ್ನ ಕೈಯಿಂದ ಅಂಥದು ಆಗಿದ್ದರೆ ಅದಕ್ಕೊಂದು ಅರ್ಥ ಸಿಗುತ್ತಿತ್ತು. ಅವರ ಪಕ್ಕದಲ್ಲಿ ಅಪ್ಪ. ಹಿಂದೆ ಅಮ್ಮ ಮತ್ತು ನಾನು. ನಮ್ಮ ಕಾಲುಗಳ ನಡುವೆ ಕುಕ್ಕರ್.

ಘಾಟಿಯ ಬಗ್ಗೆ ಬರೆಯಬೇಕು. ಒಂದು ವರ್ಷ ಅದರ ಕನಸು ಕಂಡವಳು ನಾನು. ಹಿಮ ಕರಗಿ ಬೆಟ್ಟದ ಮೈಯೆಲ್ಲ ಸಣ್ಣ ಸಣ್ಣ ನೀರಿನ ಗೆರೆಗಳಾಗಿದ್ದವು. ಒಂದು ಕಡೆ ಬುಗ್ಗೆಯ ನೀರು ಬಂಡೆಯ ಮೇಲೆ ಹರಿದು ಹರಿದು ಅದಕ್ಕೆ ಅರಿಶಿನದ ಬಣ್ಣ ಹಿಡಿಸಿತ್ತು. ಇವನ್ನೆಲ್ಲ ನಾನು ಚಿಕ್ಕಪ್ಪನ ತಲೆಯ ಪಕ್ಕದ ಸಂದಿಯಿಂದ ನೋಡಿದೆ. ನನ್ನ ಬಲಗೈ ಎರಡು ಸಲ ತಾನಾಗಿಯೇ ಗೇರು ಹಾಕಲು ಹೋಯಿತು. ಅದನ್ನು ಅಮ್ಮ ನೋಡಿದರು, ನೋಡದವರಂತೆ ಕುಕ್ಕರಿನ ಮುಚ್ಚಳ ಸರಿಮಾಡಿದರು.

ಹಿಮ ಕುಸಿದು ಬೀಳದಂತೆ ಅಲ್ಲಿ ರಸ್ತೆಯ ಮೇಲೆ ಕಾಂಕ್ರೀಟಿನ ಸುರಂಗಗಳನ್ನು ಕಟ್ಟಿದ್ದಾರೆ. ಕತ್ತಲೆ, ಇಕ್ಕಟ್ಟು, ನೆಲದಲ್ಲಿ ಗುಂಡಿಗಳು. ಎದುರಿಗೆ ಗಡಿಯಿಂದ ಬರುವ ದೊಡ್ಡ ಲಾರಿಗಳ ಸಾಲು. ಜೀವಮಾನವಿಡೀ ಬಲಗಡೆ ಕೂತು ಓಡಿಸಿದವರಿಗೆ ಗಾಡಿಯ ಬಲ ಅಂಚು ತಮ್ಮ ತೋಳಿನಷ್ಟೇ ಹತ್ತಿರವಿರುತ್ತದೆಂಬ ಅಂದಾಜು. ಇಲ್ಲಿ ಅದು ಇನ್ನೊಂದು ಸೀಟಿನಷ್ಟು ಆಚೆಗಿತ್ತು. ಲಾರಿಗೆ ದಾರಿ ಬಿಡಲು ಚಿಕ್ಕಪ್ಪ ಬಲಕ್ಕೆ ಒತ್ತಿದರು. "ಗೋಡೆ ಚಿಕ್ಕಪ್ಪ," ಎಂದೆ. ಅಷ್ಟರಲ್ಲಿ ಹೊರಗಿನ ಕನ್ನಡಿ ಗೋಡೆಗೆ ತಗುಲಿ ಮುರಿದು, ಒಂದು ತಂತಿಯಲ್ಲಿ ನೇತಾಡಿತು. ಮುಂದಿನ ಬಾಗಿಲಿನ ಉದ್ದಕ್ಕೂ ಗೋಡೆ ಗೀರುವ ಸದ್ದು. ಅಪ್ಪನ ಬಾಯಲ್ಲಿ ಪಂಚಾಕ್ಷರಿ ಅರ್ಧಕ್ಕೆ ನಿಂತಿತು.

ಸುರಂಗ ದಾಟಿ ಬೆಳಕಿಗೆ ಬಂದ ಮೇಲೆ ಗಾಡಿ ನಿಲ್ಲಿಸಿ ಎಲ್ಲರೂ ಇಳಿದು ನೋಡಿದೆವು. ಅಪ್ಪ ಬಾಗಿಲಿನ ಗೀರನ್ನು ಪಾತ್ರೆಯ ತಗ್ಗು ಸವರಿ ನೋಡುವ ಹಾಗೆ ಬೆರಳಿನಲ್ಲಿ ಸವರಿದರು. ಚಿಕ್ಕಪ್ಪನ ಮುಖ ಬೆಳ್ಳಗಾಗಿತ್ತು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಸಿಟ್ಟು ಬಂದಿರಲಿಲ್ಲ. ಅಮ್ಮ ಏನನ್ನುತ್ತಾರೆಂದು ಕಾಯುತ್ತಿದ್ದೆ.

ಅಮ್ಮ ಕೈಯೆತ್ತಿ ಕೆನ್ನೆಗೆ ಮುಟ್ಟಿಸಿಕೊಂಡರು. "ಸಣ್ಣದ್ರಲ್ಲೇ ಹೋಯ್ತು. ನೀವಿದ್ದಿದ್ದಕ್ಕೆ ಇಷ್ಟರಲ್ಲೇ ಹೋಯ್ತು."

"ಅದೇ ಅನ್ಕೊಂಡೆ ಅತ್ತಿಗೆ," ಎಂದರು ಚಿಕ್ಕಪ್ಪ. ಉಸಿರು ಬಂದಿತ್ತು. "ಆ ಹಣ್ಣಿಂದು ಇಲ್ಲಿಗೆ ಕಳೀತು."

ಅಪ್ಪನೂ ತಲೆಯಾಡಿಸಿದರು. ಬಲಗಡೆಯೇ ತಗುಲಿದ್ದರಿಂದ ಲೆಕ್ಕ ಇನ್ನೂ ಸರಿಹೋಯಿತು. ನನ್ನ ಬೆನ್ನಿಗಿದ್ದ ಹಣ್ಣು ಚಿಕ್ಕಪ್ಪನ ಕೈಯಲ್ಲಿ ತೀರಿತು, ಅವರಿಗೆ ಪುಣ್ಯ. ಘಾಟಿ ದಾಟಿದ್ದಾಗಿತ್ತು.

ಸ್ತೆಪಾಂತ್ಸ್‌ಮಿಂದಾ

ಕಣಿವೆಯ ಊರಿನ ಹೆಸರನ್ನು ಅಪ್ಪ ಕೊನೆಯವರೆಗೂ ಹೇಳಲಾರದೆ "ಆ ಊರು" ಎಂದೇ ಕರೆದರು. ಎದುರಿನ ಗುಡ್ಡದ ತುದಿಯಲ್ಲಿ ಒಂದು ಹಳೆಯ ಚರ್ಚು, ಅದರ ಹಿಂದೆ ಹಿಮದ ಶಿಖರ. ಅದನ್ನು ಕೈಲಾಸವೆಂದು ಕೈಮುಗಿದವರೂ ಅಪ್ಪನೇ. ಸಂಜೆ ಚಿಕ್ಕಪ್ಪ ವಿಡಿಯೊ ಕರೆಯಲ್ಲಿ ಚಿಕ್ಕಮ್ಮನಿಗೆ ಶಿಖರ ತೋರಿಸಿದರು. ಕಾರನ್ನು ಎಡಗಡೆಯಿಂದಷ್ಟೇ ತೋರಿಸಿದರು.

"ಪ್ಲಾನೆಲ್ಲ ನಮ್ ಸುಮಾದು ಕಣೇ. ಓಡಿಸಿದ್ದು ನಾನು. ಎಂಥಾ ರಸ್ತೆ ಅಂತೀಯ, ನಮ್ ಬಿಳಿಗಿರಿರಂಗನ ಬೆಟ್ಟ ಏನೂ ಅಲ್ಲ ಅದ್ರ ಮುಂದೆ."

"ಅವ್ಳಿಗೇನು ಭಯ ಆಗ್ಲಿಲ್ವಾ?" ಎಂದಿತು ಚಿಕ್ಕಮ್ಮನ ದನಿ.

"ಹಿಂದೆ ಅಮ್ಮನ ಪಕ್ಕ ಕೂತಿದ್ಲಲ್ಲ. ಎಂಥಾ ಭಯ?"

ಆಮೇಲೆ ಅವರು ನನ್ನ ಬಳಿ ಬಂದು ಕಿತ್ತಳೆಯೊಂದನ್ನು ಸುಲಿದು ಕೊಟ್ಟರು. ತೊಳೆಗಳ ಬಿಳಿ ನಾರನ್ನೂ ತೆಗೆದಿದ್ದರು. ನಾನು ಮಗುವಾಗಿದ್ದಾಗಿನಿಂದ ಹಾಗೆಯೇ ಕೊಡುವುದು. ತಿಂದೆ. ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೆ ನಮ್ಮ ಮನೆಯಲ್ಲಿ ಜಾಗವಿಲ್ಲ.

ಮಾರನೆಯ ಬೆಳಿಗ್ಗೆ ಅದೇ ರಸ್ತೆಯಲ್ಲಿ ಹಿಂದಿರುಗಬೇಕಿತ್ತು. ತಿಂಡಿಯ ಮೇಜಿನಲ್ಲಿ ಚಿಕ್ಕಪ್ಪ ಕೀಲಿಯನ್ನು ನನ್ನ ತಟ್ಟೆಯ ಪಕ್ಕ ಇಟ್ಟರು.

"ನೀನೇ ಓಡಿಸಮ್ಮ ಇವತ್ತು. ಆ ಹುಡುಗ ಗೀರು ನೋಡಿ ಯಾರ್ ಓಡಿಸಿದ್ದು ಅಂತ ಕೇಳ್ತಾನೆ. ನಂಗೆ ಪರ್ಮಿಟ್ ಇಲ್ಲ, ಸುಮ್ನೆ ರಗಳೆ. ನಿನ್ ಹೆಸರಲ್ಲಿದೆ, ನಿನ್ ಕೈಲಿ ಆಯ್ತು ಅಂದ್ರೆ ಮುಗೀತು."

"ಅವ್ಳಿಗೂ ಆಸೆ ಇತ್ತಲ್ಲ," ಎಂದರು ಅಪ್ಪ, ಯಾರಿಗೂ ಬೇಸರವಾಗದಂತೆ.

ಅಮ್ಮ ಎದ್ದು ತಟ್ಟೆಗಳನ್ನು ಒಟ್ಟುಮಾಡಿದರು. ನಾನು ಕೀಲಿ ತೆಗೆದುಕೊಂಡು ಹೊರಗೆ ಹೋದೆ. ನೇತಾಡುತ್ತಿದ್ದ ಕನ್ನಡಿಯನ್ನು ಟೇಪಿನಿಂದ ಕಟ್ಟಿದೆ. ಬಾನೆಟ್ಟಿನ ಮೇಲೆ ಉಳಿದಿದ್ದ ವಿಭೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಚಿಕ್ಕಪ್ಪ ಹಿಂದಕ್ಕೆ ತಳ್ಳಿದ್ದ ಸೀಟನ್ನು ಮುಂದಕ್ಕೆಳೆದುಕೊಂಡೆ. ಸಾಮಾನು ತುಂಬಿದ ಮೇಲೆ ಅಪ್ಪ, ಚಿಕ್ಕಪ್ಪ ತಾವಾಗಿಯೇ ಹಿಂದೆ ಹತ್ತಿದರು. ಅಮ್ಮ ಹೊಸ ಸೀರೆ ಉಟ್ಟು, ಶಾಲು ಮಡಿಸಿ ಕೈಯಲ್ಲಿ ಹಿಡಿದು ಬಂದರು. ಮುಂದಿನ ಬಾಗಿಲು ತೆಗೆದರು. ಗೀರು ಬಿದ್ದ ಬಾಗಿಲು, ಸ್ವಲ್ಪ ಕಿರುಗುಟ್ಟಿತು.

"ಹಿಂದೆ ಕೂತ್ಕೋ ಅಮ್ಮ," ಎಂದೆ.

ಅಮ್ಮ ಬಾಗಿಲು ಹಿಡಿದುಕೊಂಡೇ ನನ್ನನ್ನು ನೋಡಿದರು. ಆಮೇಲೆ ಹಿಂದಕ್ಕೆ ಹೋಗಿ ಅಪ್ಪನ ಪಕ್ಕ ಕುಳಿತರು. ಮೂವರಿಗೆ ಇಕ್ಕಟ್ಟಾಯಿತು. ಕಾಲಿಡಲು ಜಾಗವಾಗಲೆಂದು ನಾನು ಇಳಿದು ಕುಕ್ಕರನ್ನು ತೆಗೆದು ಮುಂದಿನ ಸೀಟಿನ ಮೇಲಿಟ್ಟೆ. ಗಾಡಿ ಚಾಲೂ ಮಾಡಿದಾಗ ಅದು ಟಿಣ್ ಟಿಣ್ ಎಂದು ಕೂಗತೊಡಗಿತು. ಸೀಟಿನಲ್ಲಿ ಯಾರೋ ಕೂತಿದ್ದಾರೆಂದು ಕಾರು ತಿಳಿಯುವಷ್ಟು ಅಕ್ಕಿ ಒಳಗಿನ್ನೂ ಇತ್ತು. ಬೆಲ್ಟನ್ನು ಎಳೆದು ಕುಕ್ಕರಿಗೆ ಹಾಕಿದೆ. ಕೂಗು ನಿಂತಿತು. ಮೊದಲ ಗೇರು ಹಾಕಿ ಘಾಟಿಯ ಕಡೆಗೆ ಹೊರಟೆ.